ಸ್ಟಂಟ್ ಹಾಕಿ 7 ವರ್ಷ ಆಯ್ತು, ಎದೆನೋವು ಇಲ್ಲ. ನೈಟ್ರೇಟ್ ಮಾತ್ರೆ ಇನ್ನೂ ಬೇಕಾ?

ತೋಟದ ದಾರಿ
ಎಲ್ಲರಿಗೂ ನಮಸ್ಕಾರ. ಊರು ಸಾಗರದ ಹತ್ತಿರ, ನಾನಿರೋದು ಬೆಂಗಳೂರಲ್ಲಿ. ವಿಷಯ ಅಪ್ಪಯ್ಯನದು. ವಯಸ್ಸು 71.

ಏಳು ವರ್ಷದ ಹಿಂದೆ ತೋಟದಿಂದ ಮನೆಗೆ ದಿಬ್ಬ ಹತ್ತುವಾಗ ಎದೆ ಬಿಗಿ ಹಿಡಿಯುತ್ತಿತ್ತು. ಎರಡು ನಿಮಿಷ ಅಡಿಕೆ ಮರ ಹಿಡಿದು ನಿಂತರೆ ಹೋಗುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಆರು ತಿಂಗಳು ಜೀರಿಗೆ ಕಷಾಯ ಕುಡಿದರು. ಕೊನೆಗೆ ಆಂಜಿಯೋಗ್ರಾಂ ಆಯಿತು, ಒಂದು ಬ್ಲಾಕ್ ಸಿಕ್ಕಿತು, ಸ್ಟೆಂಟ್ ಹಾಕಿದರು (ಊರಲ್ಲಿ ಎಲ್ಲರ ಬಾಯಲ್ಲೂ ಅದು 'ಸ್ಟಂಟ್', ನಾನೂ ಹಾಗೇ ಬರೆದಿದ್ದೀನಿ). ಅವತ್ತಿಂದ ಇವತ್ತಿನವರೆಗೆ ಒಂದು ದಿನವೂ ಎದೆನೋವು ಬಂದಿಲ್ಲ.

ಈಗ ತಗೊಳ್ಳುತ್ತಿರುವುದು ಆಸ್ಪಿರಿನ್, ಅಟೋರ್ವಾಸ್ಟಾಟಿನ್, ಮೆಟೊಪ್ರೊಲಾಲ್, ಐಸೊಸಾರ್ಬೈಡ್ ಮೊನೊನೈಟ್ರೇಟ್ 60 (ನಾನು ಕೇಳ್ತಿರೋ ನೈಟ್ರೇಟ್ ಮಾತ್ರೆ ಇದೇ). ಎರಡು ವರ್ಷದಿಂದ ಪ್ರಾಸ್ಟೇಟ್‌ಗೆ ಅಂತ ಬೇರೆ ಡಾಕ್ಟರು ಟಾಮ್ಸುಲೋಸಿನ್ ಸೇರಿಸಿದ್ದಾರೆ.

ತೊಂದರೆ ಏನಂದ್ರೆ ತಲೆಸುತ್ತು. ಹೋದ ತಿಂಗಳು ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಎದ್ದವರು ಬಾಗಿಲ ಹತ್ತಿರ ಕುಸಿದರು. ಹಣೆಗೆ ನಾಲ್ಕು ಹೊಲಿಗೆ. ಬಿಪಿ ನೋಡಿದರೆ 98/60. ಚೀಟಿ ತೋರಿಸಿ ಕೇಳಿದ್ದಕ್ಕೆ ಒಂದು ಕಡೆ "ಹಾರ್ಟಿನ ಮಾತ್ರೆ ಮುಟ್ಟೋಕೆ ಹೋಗಬೇಡಿ, ಇದನ್ನೇ ಕಂಟಿನ್ಯೂ ಮಾಡಿ" ಅಂದು ಕಳಿಸಿದರು. ಒಂದೂವರೆ ನಿಮಿಷದಲ್ಲಿ ಮುಗೀತು.

ನೋವೇ ಇಲ್ಲದ ಮೇಲೆ ನೋವಿನ ಮಾತ್ರೆ ಯಾಕೆ ಅನ್ನೋದು ಅಪ್ಪಯ್ಯನ ಪ್ರಶ್ನೆ. ನನ್ನ ಹತ್ತಿರ ಉತ್ತರ ಇಲ್ಲ. ಯಾರಾದರೂ ನಿಲ್ಲಿಸಿದ್ದೀರಾ?

ದೇವ್ರಾಣೆ ಸತ್ಯ
ಹೃದಯದ ಮಾತ್ರೆ ಜೀವ ಇರೋವರೆಗೆ ಸರ್. ನಮ್ಮ ಚಿಕ್ಕಪ್ಪ ಆರಾಮಾಗಿದ್ದೀನಿ ಅಂತ ನಿಲ್ಲಿಸಿದರು, ಮೂರೇ ತಿಂಗಳಲ್ಲಿ ಅಟ್ಯಾಕ್. ಇಷ್ಟೇ ಹೇಳೋದು.

ಗಿರ್ಮಿಟ್ ಪ್ರಿಯೆ
ನಿಮ್ಮ ಚಿಕ್ಕಪ್ಪ ನಿಲ್ಲಿಸಿದ್ದು ಯಾವ ಮಾತ್ರೆ?

ದೇವ್ರಾಣೆ ಸತ್ಯ
ಎಲ್ಲಾ.

ಗಿರ್ಮಿಟ್ ಪ್ರಿಯೆ
ಎಲ್ಲಾ ನಿಲ್ಲಿಸೋದು ಬೇರೆ, ಒಂದು ನಿಲ್ಲಿಸೋದು ಬೇರೆ ಅಲ್ವಾ ಅಣ್ಣಾರ? ಇವರು ಕೇಳ್ತಿರೋದು ಒಂದರ ಬಗ್ಗೆ.

ನೇರ ಮಾತು
ಎಲ್ಲಾ ಕಂಪನಿಗಳ ಆಟ ಗುರು. ಒಂದು ಸಲ ಚೀಟಿಗೆ ಹತ್ತಿದ ಮಾತ್ರೆ ಮತ್ತೆ ಇಳಿಯಲ್ಲ. ನಾಳೆಯಿಂದಲೇ ಬಿಡಿಸಿ, ಏನೂ ಆಗಲ್ಲ.

ಒಪಿಡಿ 14
ಮೇಲಿನ ಎರಡು ಸಲಹೆಯನ್ನೂ ಕೇಳಬೇಡಿ. ನಾನು ತಾಲ್ಲೂಕಿನಲ್ಲಿ ಜನರಲ್ ಮೆಡಿಸಿನ್ ನೋಡುವವನು, ಹೃದ್ರೋಗ ತಜ್ಞ ಅಲ್ಲ. ಆದರೆ ಇಂಥ ಚೀಟಿ ದಿನಾ ಹತ್ತು ಬರುತ್ತವೆ.

ನಿಮ್ಮ ಅಪ್ಪಯ್ಯನ ನಾಲ್ಕು ಹೃದಯದ ಮಾತ್ರೆಗಳು ಒಂದೇ ಕೆಲಸದವಲ್ಲ. ಆಸ್ಪಿರಿನ್ ಸ್ಟೆಂಟ್ ಒಳಗೆ ರಕ್ತ ಗಡ್ಡೆ ಕಟ್ಟದ ಹಾಗೆ ನೋಡಿಕೊಳ್ಳುತ್ತದೆ. ಸ್ಟಾಟಿನ್ ಕೊಬ್ಬು ಇಳಿಸಿ ಮುಂದಿನ ಅಟ್ಯಾಕ್ ತಪ್ಪಿಸುತ್ತದೆ. ಇವೆರಡನ್ನು ಮುಟ್ಟುವ ಹಾಗಿಲ್ಲ. ಮೆಟೊಪ್ರೊಲಾಲನ್ನು ಯಾವತ್ತೂ ದಿಢೀರ್ ನಿಲ್ಲಿಸಬಾರದು. ನಿಲ್ಲಿಸಿದರೆ ನಾಡಿ ಬಡಿತ ಒಮ್ಮೆಲೇ ಏರಿ ಎದೆನೋವು, ಅಟ್ಯಾಕ್ ಕೂಡ ಆಗಬಹುದು.

ಮೊನೊನೈಟ್ರೇಟ್ ಕಥೆ ಬೇರೆ. ಅದು ರಕ್ತನಾಳ ಸಡಿಲ ಮಾಡುತ್ತದೆ, ಅದರಲ್ಲೂ ಮುಖ್ಯವಾಗಿ ಹೃದಯಕ್ಕೆ ರಕ್ತ ವಾಪಸ್ ತರುವ ನಾಳಗಳನ್ನು. ವಾಪಸ್ ಬರೋದು ಕಡಿಮೆ ಆದರೆ ಹೃದಯದ ಹೊರೆ ಕಡಿಮೆ, ನೋವು ಕಡಿಮೆ. ಅಷ್ಟೇ. ಬ್ಲಾಕ್ ಕರಗಿಸಲ್ಲ. ಸ್ಥಿರವಾದ ಆಂಜಿನಾದಲ್ಲಿ (ಶ್ರಮ ಪಟ್ಟಾಗ ಬಂದು, ನಿಂತರೆ ಹೋಗುವ ಎದೆನೋವು) ಆಯುಸ್ಸು ಹೆಚ್ಚಿಸುತ್ತದೆ ಅನ್ನೋದಕ್ಕೂ ಆಧಾರ ಇಲ್ಲ. ನೋವು ಬರದ ಹಾಗೆ ನೋಡಿಕೊಳ್ಳೋದೇ ಅದರ ಕೆಲಸ. ಹಾಗಾಗಿ "ನೋವು ಇಲ್ಲ, ಇದು ಬೇಕಾ?" ಅಂತ ಅಪ್ಪಯ್ಯ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಮಾತ್ರ ಇಲ್ಲಿ ಸಿಗಲ್ಲ, ಅವರನ್ನು ಪರೀಕ್ಷೆ ಮಾಡಿದವರ ಹತ್ತಿರ ಸಿಗುತ್ತದೆ.

ನೇರ ಮಾತು
ಹಾಗಾದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲ ಡಾಕ್ಟ್ರೇ. ಆಯುಸ್ಸು ಹೆಚ್ಚಿಸಲ್ಲ ಅಂದ್ರೆ ದಂಡ.

ಒಪಿಡಿ 14
ಅಲ್ಲ. ದಿಬ್ಬ ಹತ್ತೋಕಾಗದೆ ಮನೆಯಲ್ಲೇ ಕೂತವರನ್ನು ತೋಟಕ್ಕೆ ಕಳಿಸುವ ಮಾತ್ರೆ ದಂಡ ಹೇಗಾಗುತ್ತದೆ? ಕನ್ನಡಕವೂ ಆಯುಸ್ಸು ಹೆಚ್ಚಿಸಲ್ಲ.

ಓದುಗ ಹನ್ನೊಂದು
1995ರಲ್ಲಿ ಬಂದ ಐಸಿಸ್-4 ಅಧ್ಯಯನ ನೋಡಿ. 58,000ಕ್ಕೂ ಜಾಸ್ತಿ ಜನ. ಮೊನೊನೈಟ್ರೇಟ್ ಕೊಟ್ಟರೂ ಕೊಡದಿದ್ದರೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಇಟಲಿಯ ಜಿಸ್ಸಿ-3ರಲ್ಲೂ ಹೆಚ್ಚು ಕಡಿಮೆ ಇದೇ ಕಥೆ.

ಒಪಿಡಿ 14
ನಿಜ. ಆದರೆ ಅವೆರಡೂ ಆಗಷ್ಟೇ ಅಟ್ಯಾಕ್ ಆಗಿ ಬಂದವರ ಮೇಲೆ, ಕೆಲವೇ ವಾರ ಕೊಟ್ಟು ನೋಡಿದ್ದು. ಏಳು ವರ್ಷದಿಂದ ತಗೊಳ್ಳುತ್ತಿರುವ ಅಡಿಕೆ ಬೆಳೆಗಾರರ ಮೇಲೆ ಅಲ್ಲ. ಅದನ್ನು ಇದಕ್ಕೆ ನೇರವಾಗಿ ಅಂಟಿಸಬೇಡಿ.

ಮೆಡಿಕಲ್ ಕೌಂಟರ್
ತೋಟದ ದಾರಿಯವರೇ, ಒಂದು ಪ್ರಶ್ನೆ. ಅಪ್ಪಯ್ಯ ಮೊನೊನೈಟ್ರೇಟ್ ಎಷ್ಟು ಗಂಟೆಗೆ ತಗೊಳ್ತಾರೆ? 22 ವರ್ಷದಿಂದ ಮೆಡಿಕಲ್ ಶಾಪ್ ಇಟ್ಟಿದ್ದೀನಿ, ಮೊದಲು ಇದನ್ನೇ ಕೇಳೋದು.

ತೋಟದ ದಾರಿ
ಚೀಟಿಯಲ್ಲಿ ಬೆಳಿಗ್ಗೆ ಅಂತ ಇದೆ. ಈಗ ಫೋನ್ ಮಾಡಿ ಕೇಳಿದೆ. "ಬೆಳಿಗ್ಗೆ ತಗೊಂಡ್ರೆ ತಲೆ ಸಿಡಿಯುತ್ತೆ ಮಾರಾಯ, ರಾತ್ರಿ ಊಟ ಆದ್ಮೇಲೆ ನುಂಗಿ ಮಲಗಿಬಿಡ್ತೀನಿ" ಅಂದರು. ಎಷ್ಟು ದಿನದಿಂದ ಅಂದ್ರೆ "ಮೊದಲಿಂದ್ಲೂ". ಏಳು ವರ್ಷ! ನಮಗ್ಯಾರಿಗೂ ಗೊತ್ತೇ ಇಲ್ಲ.

ಮೆಡಿಕಲ್ ಕೌಂಟರ್
ಅಂದುಕೊಂಡೆ. ಟಾಮ್ಸುಲೋಸಿನ್ ಕೂಡ ರಾತ್ರಿ ಊಟ ಆದ್ಮೇಲೆ ತಾನೇ? ಎರಡೂ ಬಿಪಿ ಇಳಿಸುವ ಮಾತ್ರೆಗಳು. ಎರಡೂ ಒಂದೇ ಹೊತ್ತಿಗೆ ಹೊಟ್ಟೆಗೆ. ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ತಟ್ಟನೆ ಎದ್ದು ನಿಂತರೆ ತಲೆಗೆ ರಕ್ತ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ನೈಟ್ರೇಟ್ ದಿನದ 24 ಗಂಟೆಯೂ ಮೈಯಲ್ಲಿದ್ದರೆ ಮೈ ಒಗ್ಗಿಕೊಂಡುಬಿಡುತ್ತೆ, ಮಾತ್ರೆ ಕೆಲಸ ಮಾಡಲ್ಲ. ಅದಕ್ಕೇ ದಿನಕ್ಕೆ 10-14 ಗಂಟೆ ಮಾತ್ರೆ ಇಲ್ಲದ ಬಿಡುವು ಕೊಡಬೇಕು. ಎರಡು ಸಲ ತಗೊಳ್ಳುವ ಸಾದಾ ಮೊನೊನೈಟ್ರೇಟನ್ನು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 3ಕ್ಕೆ ಅಂತ ಹೇಳೋದು ಅದಕ್ಕೆ. ಜನ ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಾರೆ. ಚೀಟಿಯಲ್ಲಿ 1-0-1 ಅಂತ ಬರೆದವರೂ ಇದ್ದಾರೆ, ಏನು ಹೇಳೋಣ.

ತೋಟದ ದಾರಿ
ಒಂದು ನಿಮಿಷ. ಹಾಗಾದರೆ ರಾತ್ರಿ 8:30ಕ್ಕೆ ನುಂಗಿದ್ದು ಮರುದಿನ ಸಂಜೆ 5ಕ್ಕೆ ದಿಬ್ಬ ಹತ್ತುವಾಗ ಮೈಯಲ್ಲಿ ಎಷ್ಟು ಉಳಿದಿರುತ್ತೆ?

ಮೆಡಿಕಲ್ ಕೌಂಟರ್
20 ಗಂಟೆ ಮೇಲಾಯ್ತು. ಜಾಸ್ತಿ ಏನೂ ಇರಲ್ಲ.

ಗಿರ್ಮಿಟ್ ಪ್ರಿಯೆ
ಅಂದ್ರೆ ಅಜ್ಜಾರು ಏಳು ವರ್ಷದಿಂದ ಮಾತ್ರೆ ಇಲ್ಲದೇ ದಿಬ್ಬ ಹತ್ತಾಕತ್ತಾರ! ನೋವಿಲ್ಲದ ನಿದ್ದೆಗೆ ಮಾತ್ರೆ, ದಿಬ್ಬಕ್ಕೆ ಏನೂ ಇಲ್ಲ 😄

ಒಪಿಡಿ 14
ಒಳ್ಳೆಯ ಸುಳಿವು ಇದು. ಸುಳಿವು ಮಾತ್ರ. ಡಾಕ್ಟರ ಹತ್ತಿರ ಹೋದಾಗ ಈ ಸಮಯದ ವಿಷಯವನ್ನು ಮೊದಲು ಹೇಳಿ. ನಾವು ಚೀಟಿ ನೋಡುತ್ತೇವೆ, ಮನೆಯಲ್ಲಿ ನಡೆಯೋದು ನಮಗೆ ಕಾಣಲ್ಲ. ಮೆಟೊಪ್ರೊಲಾಲ್ ಕೂಡ ನೋವು ತಡೆಯುತ್ತಿರುತ್ತದೆ, ಅದನ್ನು ಮರೆಯಬೇಡಿ.

ಹಸಿರು ಹಾದಿ
ಇಷ್ಟೆಲ್ಲ ಯಾಕೆ ಸರ್, ಮತ್ತಿ ಮರದ ತೊಗಟೆ ಹಾಲಲ್ಲಿ ಕುದಿಸಿ ಕುಡಿಸಿ. ನಿಮ್ಮ ಸಾಗರದಲ್ಲೇ ಬೇಕಾದಷ್ಟಿದೆ.

ಕಾಡುಪಾಪ
ಮತ್ತಿ ಅಲ್ಲ, ಹೊಳೆಮತ್ತಿ. ಆಯುರ್ವೇದದ ಅರ್ಜುನ ಅಂದ್ರೆ ಹೊಳೆಮತ್ತಿ. ಹೊಳೆ ದಂಡೆಯಲ್ಲಿ ಬೆಳೆಯೋದು, ತೊಗಟೆ ಬಿಳಿಚಿ ನುಣುಪಾಗಿರುತ್ತೆ. ಕಾಡಲ್ಲಿರುವ ಮತ್ತಿಯ ತೊಗಟೆ ಮೊಸಳೆ ಬೆನ್ನಿನ ಹಾಗೆ ಬಿರಿದಿರುತ್ತೆ. ಮರ ಗುರುತಿಸೋಕೆ ಬರದವರು ಕಷಾಯ ಹೇಳಬಾರದು.

ಹಸಿರು ಹಾದಿ
ಸರಿ, ಹೊಳೆಮತ್ತಿ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಮೆಡಿಕಲ್ ಕೌಂಟರ್
98/60 ಇರುವವರಿಗೆ ಇನ್ನೊಂದು ಸೇರಿಸೋದು ಬೇಡ ಅಂತ ನನ್ನ ಅಭಿಪ್ರಾಯ. ಈಗ ಇರೋದನ್ನೇ ಕಮ್ಮಿ ಮಾಡೋಣ ಅಂತ ಕೂತಿದ್ದೀವಿ.

ಕೋಲಾರ ಹುಡುಗ
ತಲೆ ಸಿಡಿಯುತ್ತೆ ಅಂದಿದ್ದು ಓದಿ ನಮ್ಮ ತಾತ ನೆನಪಾದರು. ಕೆಜಿಎಫ್ ಗಣಿಯಲ್ಲಿ ಕೆಲಸ. ಬಂಡೆ ಸಿಡಿಸೋ ಕಡ್ಡಿ ಬರಿಗೈಯಲ್ಲಿ ಮುಟ್ಟಿದ ದಿನ ತಲೆ ಹಿಡ್ಕೊಂಡು ಮನೆಗೆ ಬರುತ್ತಿದ್ದರಂತೆ. ಅಜ್ಜಿ ಹಣೆಗೆ ಒದ್ದೆ ಬಟ್ಟೆ ಕಟ್ಟೋರು. ಅದೂ ಇದೂ ಒಂದೇ ಸಾಮಾನು ಅಂತ ನನಗೆ ಗೊತ್ತಾಗಿದ್ದು ಕಾಲೇಜಿನಲ್ಲಿ. ಡೈನಮೈಟ್ ಒಳಗಿರೋದು ನೈಟ್ರೋಗ್ಲಿಸರಿನ್, ಎದೆನೋವಿಗೆ ನಾಲಿಗೆ ಕೆಳಗೆ ಇಡೋದೂ ನೈಟ್ರೋಗ್ಲಿಸರಿನ್.

1847ರಲ್ಲಿ ಇಟಲಿಯ ಸೊಬ್ರೆರೊ ಅದನ್ನು ಮೊದಲು ತಯಾರಿಸಿದಾಗ ನಾಲಿಗೆಗೆ ಒಂಚೂರು ತಾಗಿಸಿ ನೋಡಿ ಜೋರು ತಲೆನೋವು ಅನುಭವಿಸಿದ್ದ. 1867ರಲ್ಲಿ ನೊಬೆಲ್ ಡೈನಮೈಟ್ ಮಾಡಿದ. 1879ರಲ್ಲಿ ಲಂಡನ್ನಿನ ವಿಲಿಯಂ ಮರೆಲ್ ಅದನ್ನೇ ಎದೆನೋವಿಗೆ ಕೊಟ್ಟ. ಕೊನೆಗಾಲದಲ್ಲಿ ನೊಬೆಲ್‌ಗೇ ಆಂಜಿನಾ ಬಂತು, ಡಾಕ್ಟರು ಬರೆದುಕೊಟ್ಟಿದ್ದು ಅದೇ! ವಿಧಿಯ ಆಟ ನೋಡು ಅಂತ ಅವನೇ 1896ರಲ್ಲಿ ಪತ್ರ ಬರೆದ. ಆ ವರ್ಷವೇ ಹೋಗಿಬಿಟ್ಟ. ಅವನ ಹೆಸರಿನ ಬಹುಮಾನ 1998ರಲ್ಲಿ ಸಿಕ್ಕಿದ್ದು ರಕ್ತನಾಳ ಸಡಿಲ ಮಾಡೋ ನೈಟ್ರಿಕ್ ಆಕ್ಸೈಡ್ ಕೆಲಸಕ್ಕೆ. ಈ ಮಾತ್ರೆ ನಡೆಯೋದೂ ಅದರಿಂದಲೇ.

ನಿರ್ವಾಹಕ
ಚೆನ್ನಾಗಿದೆ, ಆದರೆ ಮೂಲ ಪ್ರಶ್ನೆಗೆ ಬನ್ನಿ.

ಕೋಲಾರ ಹುಡುಗ
ಬರ್ತಿದ್ದೀನಿ ಸಾರ್. ಸ್ಫೋಟಕದ ಕಾರ್ಖಾನೆಗಳಲ್ಲಿ ಸೋಮವಾರದ ತಲೆನೋವು ಅಂತಲೇ ಇತ್ತು. ವಾರವಿಡೀ ಕೆಲಸ ಮಾಡಿದರೆ ಮೈ ಒಗ್ಗಿಕೊಳ್ಳೋದು, ಭಾನುವಾರ ರಜೆ ಇದ್ದರೆ ಒಗ್ಗಿದ್ದು ಹೋಗೋದು, ಸೋಮವಾರ ಮತ್ತೆ ಶುರು. ರಜೆಯಲ್ಲೂ ಒಗ್ಗಿಕೊಂಡೇ ಇರಲಿ ಅಂತ ಟೋಪಿ ಪಟ್ಟಿಗೆ ಸ್ವಲ್ಪ ಸವರಿಕೊಂಡು ಹೋಗುವವರಿದ್ದರು. ಕೆಲವರಿಗೆ ರಜೆಯ ದಿನವೇ ಎದೆನೋವು ಬರೋದು. ಹೃದಯದ ನಾಳದಲ್ಲಿ ಬ್ಲಾಕ್ ಇಲ್ಲದವರಿಗೂ! 1972ರಲ್ಲಿ ಅಮೆರಿಕದ ಡಾಕ್ಟರುಗಳು ಇದನ್ನು ಬರೆದಿಟ್ಟಿದ್ದಾರೆ. ನಾನು ಹೇಳೋದು ಇಷ್ಟೇ, ಒಗ್ಗಿದ ಮೈಯಿಂದ ಇದನ್ನು ಕಿತ್ತುಕೊಂಡರೆ ಮೈ ತಿರುಗಿ ಬೀಳಬಹುದು. "ನಾಳೆಯಿಂದಲೇ ಬಿಡಿಸಿ" ಅಂದವರು ಓದಿ.

ನೇರ ಮಾತು
ಓದಿದೆ. ನಾಳೆಯಿಂದಲೇ ಅನ್ನೋದನ್ನ ವಾಪಸ್ ತಗೊಂಡೆ. ಕಂಪನಿ ಆಟ ಅನ್ನೋದನ್ನಲ್ಲ.

ಮೆಡಿಕಲ್ ಕೌಂಟರ್
ಹಳೇ ಜೆನೆರಿಕ್ ಮಾತ್ರೆ ಅಣ್ಣ. ಇದರಲ್ಲಿ ಆಟ ಆಡಿ ಯಾರೂ ಬಂಗಲೆ ಕಟ್ಟಲ್ಲ, ನಾನಂತೂ ಕಟ್ಟಿಲ್ಲ.

ಅನಾಮಿಕ 52
ಕೇಳೋಕೆ ಸಂಕೋಚ. ನನಗೂ ಇದೇ ಮಾತ್ರೆ ಇದೆ, ನಾಲ್ಕು ವರ್ಷದಿಂದ. ಗಂಡ-ಹೆಂಡಿರ ವಿಷಯಕ್ಕೆ ಸಿಲ್ಡೆನಾಫಿಲ್ ತಗೊಳ್ಳಬಹುದಾ? ಅಂಗಡಿಯಲ್ಲಿ ಏನೂ ಕೇಳದೆ ಕೊಟ್ಟರು. ಇನ್ನೂ ತಗೊಂಡಿಲ್ಲ.

ಒಪಿಡಿ 14
ತಗೊಳ್ಳಬೇಡಿ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಅಪಾಯ. ನೈಟ್ರೇಟ್ ತಗೊಳ್ಳುವವರಿಗೆ ಅದು ಪೂರ್ತಿ ನಿಷೇಧ. ಸಿಲ್ಡೆನಾಫಿಲ್ ತಗೊಂಡ 24 ಗಂಟೆಯೊಳಗೆ, ಅದೇ ಬಗೆಯ ಟಡಾಲಾಫಿಲ್ ಆದರೆ 48 ಗಂಟೆಯೊಳಗೆ, ಎದೆನೋವು ಬಂದರೂ ನೈಟ್ರೇಟ್ ಕೊಡುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗ ಮುಚ್ಚಿಡಬೇಡಿ.

ಸಂಕೋಚ ಬಿಟ್ಟು ನಿಮ್ಮ ಹೃದಯದ ಡಾಕ್ಟರಿಗೆ ಇದನ್ನೇ ಹೇಳಿ. ಈ ಕಾರಣಕ್ಕೇ ನೈಟ್ರೇಟ್ ಬಿಡಿಸಬಹುದಾ ಅಂತ ನೋಡುವುದು ಮಾಮೂಲಿ. ಬೇರೆ ಮಾತ್ರೆಯಲ್ಲಿ ನೋವು ಹಿಡಿತದಲ್ಲಿದ್ದರೆ ದಾರಿ ಇರುತ್ತದೆ.

ಅನಾಮಿಕ 52
ಸ್ಟ್ರಿಪ್ ಬೀರುವಿನಿಂದ ತೆಗೆದು ಎಸೆದೆ. ಥ್ಯಾಂಕ್ಸ್ ಸರ್.

ಗಿರ್ಮಿಟ್ ಪ್ರಿಯೆ
ನಮ್ಮ ಅವ್ವನ ಕಥೆ ಹೇಳ್ತೀನಿ, ಎಲ್ಲರದ್ದೂ ಸರಳ ಆಗಲ್ಲ ಅಂತ ಗೊತ್ತಾಗಲಿ. ಅವ್ವಗೆ ಮೂರು ಬ್ಲಾಕ್. ಎರಡಕ್ಕೆ ಸ್ಟೆಂಟ್, ಮೂರನೆಯದು ಸಣ್ಣ ನಾಳ, ಮಾತ್ರೆಯಲ್ಲೇ ಇರಲಿ ಅಂದರು. ಎರಡು ವರ್ಷ ನೋವಿರಲಿಲ್ಲ. ಡಾಕ್ಟರೇ ಹೇಳಿ ನೈಟ್ರೇಟ್ ಇಳಿಸಿದರು. ಹದಿನೆಂಟನೇ ದಿನ ನೀರಿನ ಕೊಡ ಎತ್ತಿ ಮೆಟ್ಟಿಲು ಹತ್ತಿದಾಗ ಹಳೇ ನೋವು ಹಂಗೇ ವಾಪಸ್. ದವಡೆವರೆಗೂ ಸೆಳೆತ. ನಾಲಿಗೆ ಕೆಳಗಿನ ಮಾತ್ರೆ ಇಟ್ಟು ಕೂಡಿಸಿದ ಮೇಲೆ ಮೂರು ನಿಮಿಷಕ್ಕೆ ಹೋಯಿತು. ಮರುದಿನವೇ ತೋರಿಸಿದ್ವಿ, ಮಾತ್ರೆ ಮತ್ತೆ ಶುರು. ಈಗ ಆರಾಮ. ಅವ್ವಗೆ ಮಾತ್ರೆ ಬೇಕಿತ್ತು, ಬಿಟ್ಟು ನೋಡಿದ್ದಕ್ಕೇ ಅದು ಗೊತ್ತಾಯ್ತು. ನಾನೇನೂ ಡಾಕ್ಟರಿಗೆ ಬೈಯಲಿಲ್ಲ.

ಲೆಸ್ಟರ್ ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ ಜಾಸ್ತಿ ಮಾತ್ರೆ ತಗೊಳ್ಳುವ ವಯಸ್ಸಾದವರನ್ನು ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್ಕಿನ ಫಾರ್ಮಸಿಸ್ಟೇ ಕೂರಿಸಿಕೊಂಡು ಒಂದೊಂದೇ ಮಾತ್ರೆ ಯಾಕೆ ಅಂತ ಕೇಳುತ್ತಾರೆ. ನನ್ನ ಮಾವನವರು ಭಾರತದಿಂದ ಬಂದಾಗ 11 ಮಾತ್ರೆ. ಕವರ್ ಸುರಿದಾಗ ಆಕೆ ಒಂದು ಕ್ಷಣ ಸುಮ್ಮನೆ ಕೂತರು. ಎರಡು ಬ್ರ್ಯಾಂಡಿನ ಹೆಸರಲ್ಲಿ ಒಂದೇ ಮಾತ್ರೆ ಎರಡು ಸಲ ಹೋಗುತ್ತಿತ್ತು!

ಮೆಡಿಕಲ್ ಕೌಂಟರ್
ನಮ್ಮಲ್ಲಿ ಇದು ಬಹಳ. ಎರಡು ಊರಿನ ಎರಡು ಚೀಟಿ ಇಟ್ಟುಕೊಂಡು ಬರುತ್ತಾರೆ. "ಒಂದೇ ಮಾತ್ರೆ ಅಜ್ಜ" ಅಂದ್ರೆ, "ಇದು ಹಳದಿ, ಅದು ಬಿಳಿ, ಹೆಂಗೆ ಒಂದೇ?" ಅಂತಾರೆ.

ತೋಟದ ದಾರಿ
ಅಪ್‌ಡೇಟ್. ಹೋದ ಶನಿವಾರ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಮಾತ್ರೆಯ ಡಬ್ಬವನ್ನೇ ಎತ್ತಿಕೊಂಡು ಹೋದೆ, ಚೀಟಿ ಮಾತ್ರ ಅಲ್ಲ. ಹೊಸ ಡಾಕ್ಟರಮ್ಮ ಅರ್ಧ ಗಂಟೆ ಕೊಟ್ಟರು. ಮಲಗಿಸಿ ಬಿಪಿ, ನಿಲ್ಲಿಸಿ ಬಿಪಿ. ಮಲಗಿದ್ದಾಗ 112 ಇದ್ದ ಮೇಲಿನ ಅಂಕಿ ಎದ್ದು ನಿಂತಾಗ 88ಕ್ಕೆ ಬಂತು. ಇಸಿಜಿ, ಎಕೋ ಚೆನ್ನಾಗಿದೆ. ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಎದೆನೋವು ಬರಲಿಲ್ಲ, ಕಾಲು ಸೋತು ನಿಲ್ಲಿಸಿದರು. "ತೋಟದ ದಿಬ್ಬ ಇದಕ್ಕಿಂತ ಜೋರು" ಅಂತ ಅಪ್ಪಯ್ಯ ಡಾಕ್ಟರಿಗೇ ಹೇಳಿದರು.

60 ಇದ್ದದ್ದು 30 ಆಯಿತು, ಬೆಳಿಗ್ಗೆಗೆ ಬಂತು. ಎರಡು ವಾರ ನೋಡಿ ಪೂರ್ತಿ ನಿಲ್ಲಿಸೋದು. ಸಾರ್ಬಿಟ್ರೇಟ್ 5 ಅಂಗಿ ಜೇಬಲ್ಲಿ ಇರಲೇಬೇಕು. ನೋವು ಬಂದರೆ ಕೂತುಕೊಂಡು ನಾಲಿಗೆ ಕೆಳಗೆ ಇಡಬೇಕು, ನಿಂತು ಅಲ್ಲ. 5 ನಿಮಿಷಕ್ಕೆ ಹೋಗದಿದ್ದರೆ 108. ಸುಮ್ನೆ ಕೂತಾಗ ಬಂದರೆ, ಮೊದಲಿಗಿಂತ ಕಮ್ಮಿ ನಡೆದಾಗಲೇ ಬಂದರೆ, ಕಾಯದೆ ಆಸ್ಪತ್ರೆ. ಉಳಿದ ಮೂರು ಹಾರ್ಟಿನ ಮಾತ್ರೆ ಮುಟ್ಟುವ ಹಾಗಿಲ್ಲ. ಟಾಮ್ಸುಲೋಸಿನ್ ಸದ್ಯಕ್ಕೆ ಇರಲಿ, ರಾತ್ರಿ ಏಳುವಾಗ ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಏಳಿ ಅಂದರು.

ಒಪಿಡಿ 14
ಇದು ಕ್ರಮ. ದಿನಾ ಬರೆದಿಡಿ.

ದೇವ್ರಾಣೆ ಸತ್ಯ
ನನಗಿನ್ನೂ ಭಯಾನೇ. ಒಳ್ಳೆಯದಾಗಲಿ.

ತೋಟದ ದಾರಿ
ಐದು ವಾರ ಆಯ್ತು, ಕೇಳಿದವರಿಗೆಲ್ಲ ಉತ್ತರ. ನೈಟ್ರೇಟ್ ನಿಂತು ಮೂರು ವಾರ. ಬಿಪಿ 118/72. ಬಿದ್ದಿಲ್ಲ.

ಬರೆದಿಡಿ ಅಂದಿದ್ದಕ್ಕೆ ಅಪ್ಪಯ್ಯ ಅಡಿಕೆ ಲೆಕ್ಕದ ಪುಸ್ತಕವನ್ನೇ ಹಿಂದಿನಿಂದ ತಿರುಗಿಸಿ ಶುರು ಮಾಡಿದ್ದಾರೆ. ಮುಂದೆ ಕ್ವಿಂಟಾಲು, ಹಿಂದೆ ಎದೆ. "ಮಂಗಳವಾರ. ದಿಬ್ಬ ಎರಡು ಸಲ. ನಿಂತಿಲ್ಲ." "ಗುರುವಾರ. ದಿಬ್ಬ ಒಂದು ಸಲ. ಒಮ್ಮೆ ನಿಂತೆ, ನೋವಿಗಲ್ಲ, ಮಂಗ ಓಡಿಸಲಿಕ್ಕೆ." ಒಂದು ಭಾನುವಾರ ಮಾತ್ರ "ತಿಥಿ ಊಟ. ಹತ್ತುವಾಗ ಸ್ವಲ್ಪ ಬಿಗಿ. ನಿಂತ ಕೂಡಲೇ ಹೋಯಿತು. ಹೋಳಿಗೆ ನಾಲ್ಕು" ಅಂತ ಇದೆ. ಅದನ್ನು ಫೋಟೋ ತೆಗೆದು ಡಾಕ್ಟರಮ್ಮನಿಗೆ ಕಳಿಸಿದೆ. ಹೊಟ್ಟೆ ತುಂಬ ಉಂಡು ಹತ್ತಬೇಡಿ, ಇನ್ನೊಂದು ಸಲ ಬಂದರೆ ಅವತ್ತೇ ತಿಳಿಸಿ ಅಂದರು. ಅದಾಗಿ ಹನ್ನೆರಡು ದಿನ, ಮತ್ತೆ ಬಂದಿಲ್ಲ. ಮುಂದಿನ ತಿಂಗಳು ಮತ್ತೆ ತೋರಿಸಬೇಕು.

ಗಿರ್ಮಿಟ್ ಪ್ರಿಯೆ
ಹೋಳಿಗೆ ನಾಲ್ಕು ಬರೆದ ಅಜ್ಜಾರ ಪ್ರಾಮಾಣಿಕತೆಗೆ ನಮಸ್ಕಾರ 🙏

ಮೆಡಿಕಲ್ ಕೌಂಟರ್
ಉಳಿದ 60ರ ಸ್ಟ್ರಿಪ್ ಏನು ಮಾಡಿದ್ರಿ? ಡಬ್ಬದಲ್ಲಿ ಬಿಡಬೇಡಿ, ಅಭ್ಯಾಸದಲ್ಲಿ ನುಂಗಿಬಿಡ್ತಾರೆ. ಬೇರೆಯವರಿಗಂತೂ ಕೊಡಲೇಬೇಡಿ.

ತೋಟದ ದಾರಿ
ಈಗ ಫೋನ್ ಮಾಡಿ ಕೇಳಿದೆ. ಕೆಳಗಿನ ಮನೆ ಭಾವಯ್ಯನಿಗೆ "ಎದೆಗೆ ಒಳ್ಳೇದು" ಅಂತ ಎರಡು ಸ್ಟ್ರಿಪ್ ಕೊಟ್ಟಾಗಿದೆಯಂತೆ. ಅವರ ನಂಬರ್ ಹುಡುಕ್ತಾ ಇದ್ದೀನಿ.